ಇಲ್ಲದ ಕಂಬದ ಹಸಿರು

ತನ್ನ ಬಾಯಿ ‘ಹಸಿರು’ ಎಂದು ಕೂಗಿದ್ದು ಡ್ರೈವರನಿಗೆ ಕೇಳಿಸಿತು. ಕೂಗಿ ಆದ ಮೇಲೆ ಕೇಳಿಸಿತು, ಪಕ್ಕದ ಮನೆಯಲ್ಲಿ ಯಾರೋ ಮಾತಾಡಿದ ಹಾಗೆ. ಎಂಜಿನ್ನಿನ ಆ ಬದಿಯಲ್ಲಿ ಕೂತಿದ್ದ ಸಹಾಯಕ ಡ್ರೈವರ್ ಅದರ ಬೆನ್ನಿಗೇ ‘ಹಸಿರು’ ಎಂದ. ಸಿಗ್ನಲ್ ಕಂಡ ಕೂಡಲೇ ಒಬ್ಬ ಅದರ ಬಣ್ಣವನ್ನು ಗಟ್ಟಿಯಾಗಿ ಕೂಗಬೇಕು, ಇನ್ನೊಬ್ಬ ತಾನೂ ಕಣ್ಣಾರೆ ನೋಡಿ ಅದನ್ನೇ ತಿರುಗಿ ಕೂಗಬೇಕು. ರೈಲು ಓಡಿಸುವವರಿಗೆ ಇದು ಮೊದಲನೇ ಪಾಠ. ಒಬ್ಬನ ಕಣ್ಣು ತಪ್ಪಿದರೆ ಇನ್ನೊಬ್ಬನದಾದರೂ ಇರಲಿ ಎಂದು ಯಾರೋ ಪುಣ್ಯಾತ್ಮ ಮಾಡಿಟ್ಟ ಏರ್ಪಾಡು. ಇಬ್ಬರೂ ಕೂಗಿಯಾಗಿತ್ತು, ಗಾಡಿ ತನ್ನ ಪಾಡಿಗೆ ಓಡುತ್ತಿತ್ತು. ಆಮೇಲೆ, ಏನೋ ಕಿರಿಕಿರಿಯಾಗಿ, ಅವನು ಕಂಬದ ಕಡೆ ನೋಡಿದ. ಕಂಬ ಇರಲಿಲ್ಲ. ಕಂಬವಿದ್ದ ಕಡೆ ಸಿಮೆಂಟಿನ ಒಂದು ಸಣ್ಣ ಕಟ್ಟೆ, ಅದರ ಮೇಲೆ ಕೊಯ್ದುಳಿದ ಬೋಲ್ಟುಗಳು, ಸುತ್ತ ಹೊಸದಾಗಿ ಅಗೆದ ಮಣ್ಣು. ಹೋದ ವಾರವೇ ಆ ಸಿಗ್ನಲನ್ನು ಅಲ್ಲಿಂದ ಕಿತ್ತು ತಿರುವಿನ ಆಚೆಗೆ ಹಾಕಿದ್ದರು. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮೊನ್ನೆ ತಾನೇ ಆ ಬೋಳು ಜಾಗವನ್ನು ನೋಡಿಕೊಂಡು ಹೋಗಿದ್ದ. ಇವತ್ತು ಅವನ ಬಾಯಿ ಇಲ್ಲದ ಕಂಬದ ಮೇಲಿನ ಇಲ್ಲದ ದೀಪವನ್ನು ಕಂಡು ಹಸಿರು ಎಂದಿತ್ತು, ಪಕ್ಕದ ಬಾಯಿ ಹೌದೆಂದಿತ್ತು, ಹಿಂದೆ ಅಷ್ಟೂ ಬೋಗಿಗಳ ತುಂಬ ಜನ ಕಾಲು ಚಾಚಿಕೊಂಡು, ಮಕ್ಕಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ನಿಶ್ಚಿಂತೆಯಾಗಿದ್ದರು.

ತಿರುವು ಬಂತು, ಹೊಸ ಕಂಬ ಕಂಡಿತು. ಅದರ ದೀಪ ಹಸಿರೇ ಇತ್ತು. ಅಂಥ ಹಸಿರನ್ನು ಅವನು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲವೇನೋ. ಕಣ್ಣಿಗೆ ಚುಚ್ಚುವಷ್ಟು ಹಸಿಯಾಗಿತ್ತು. ಬಾಯಿ ತೆರೆದ, ಮಾತು ಹೊರಡಲಿಲ್ಲ. ನಿಜವಾಗಿ ಕಂಡದ್ದನ್ನು ಹೇಳುವ ಅಭ್ಯಾಸ ನಾಲಿಗೆಗೆ ತಪ್ಪಿಹೋಗಿತ್ತು. “ಯಾಕಣ್ಣ, ಕೂಗ್ಲಿಲ್ಲ?” ಎಂದ ಸಹಾಯಕ. ಅವನನ್ನು ಡಿಪೋದಲ್ಲಿ ಎಲ್ಲರೂ ರೇಡಿಯೊ ಎನ್ನುತ್ತಿದ್ದರು. ಎರಡು ಸಿಗ್ನಲ್ಲುಗಳ ನಡುವೆ ಅವನ ಮಾತು ನಿಂತದ್ದನ್ನು ಕಂಡವರಿಲ್ಲ. ಡ್ರೈವರ್ ‘ಹಸಿರು’ ಎಂದ. ರೇಡಿಯೊ ‘ಹಸಿರು’ ಎಂದು, ತನ್ನ ಹಲ್ಲುನೋವಿನ ಕಥೆಯನ್ನು ಬಿಟ್ಟಲ್ಲಿಂದ ಮತ್ತೆ ಹಿಡಿದುಕೊಂಡ. ಏನೂ ಆಗಿರಲಿಲ್ಲ. ಯಾರೊಬ್ಬರ ಕೂದಲೂ ಕೊಂಕಿರಲಿಲ್ಲ. ಡ್ರೈವರನಿಗೆ ಹೆದರಿಕೆಯಾದದ್ದು ಅದಕ್ಕೇ. ಏನಾದರೂ ಆಗಿದ್ದರೆ ಇಷ್ಟು ಹೊತ್ತಿಗೆ ಗೊತ್ತಾಗುತ್ತಿತ್ತು. ಏನೂ ಆಗದಿದ್ದದ್ದರಿಂದ ಇದು ಎಷ್ಟು ದಿನದಿಂದ ನಡೆಯುತ್ತಿದೆ ಎಂದು ತಿಳಿಯುವ ದಾರಿಯೇ ಇರಲಿಲ್ಲ. ಹೊಳೆಯ ಸೇತುವೆ ದಾಟಿದ್ದು ನೆನಪಿದೆಯೇ ಎಂದು ತನ್ನನ್ನೇ ಕೇಳಿಕೊಂಡ. ಇಲ್ಲ. ಸೇತುವೆಯ ಮೇಲೆ ವೇಗ ಇಳಿಸಬೇಕು; ಯಾರೋ ಇಳಿಸಿರಬೇಕು, ಇಲ್ಲದಿದ್ದರೆ ಇಲ್ಲಿ ಕೂತು ಹೀಗೆ ಯೋಚಿಸುವ ಭಾಗ್ಯ ಇರುತ್ತಿರಲಿಲ್ಲ. ಸೇತುವೆಗೆ ಮುಂಚಿನ ಊರಿನಲ್ಲಿ ಹಾರ್ನ್ ಹಾಕಿದ್ದು? ಅದೂ ಇಲ್ಲ. ಹಾಗಾದರೆ ಏನು ಯೋಚಿಸುತ್ತಿದ್ದೆ ಎಂದು ತಡಕಾಡಿದ. ಸಾಲ, ಸಂಸಾರ, ಹೆಂಗಸು, ಏನಾದರೂ ಒಂದು ಇದ್ದಿದ್ದರೆ ಗಂಡಸಿಗೆ ಒಪ್ಪುವಂಥ ಒಂದು ಸಬೂಬಾದರೂ ಆಗುತ್ತಿತ್ತು. ಅಲ್ಲಿ ಏನೂ ಇರಲಿಲ್ಲ.

ಅವನ ಹೆಬ್ಬೆರಳು ಮಾತ್ರ ತನ್ನ ಕೆಲಸ ಬಿಟ್ಟಿರಲಿಲ್ಲ. ಕೈಗೆಟುಕುವಲ್ಲಿ ಒಂದು ಗುಂಡಿಯಿತ್ತು; ಆಗಾಗ ಅದನ್ನು ಒತ್ತುತ್ತಿದ್ದರೆ ಡ್ರೈವರ್ ಎಚ್ಚರವಾಗಿದ್ದಾನೆ ಎಂದು ಎಂಜಿನ್ ನಂಬುತ್ತದೆ, ಒತ್ತದಿದ್ದರೆ ಗಂಟೆ ಬಾರಿಸಿ ತಾನೇ ಬ್ರೇಕ್ ಹಾಕಿಕೊಳ್ಳುತ್ತದೆ. ಎಚ್ಚರದ ಗುಂಡಿ. ಹೊಸದಾಗಿ ಕೆಲಸಕ್ಕೆ ಸೇರಿದಾಗ ಆ ಗಂಟೆ ಎಷ್ಟೋ ಸಲ ಬಾರಿಸಿ ಅವನ ಮಾನ ತೆಗೆದಿತ್ತು. ಆಗಿನ ಹಿರಿಯ ಡ್ರೈವರ್, ಮುಖದ ಮೇಲೆ ಸಿಡುಬಿನ ಕಲೆಯಿದ್ದವನು, ಬೈಯುತ್ತಿದ್ದ: “ಕಣ್ಣು ಬಿಟ್ಕೊಂಡಿದ್ರೆ ಸಾಲ್ದು ಕಣಯ್ಯ, ನೀನಿದ್ದೀಯ ಅಂತ ಅದಕ್ಕೆ ಹೇಳ್ಬೇಕು.” ಈಗ ಗಂಟೆ ಬಾರಿಸಿ ಯಾವ ಕಾಲವಾಯಿತೋ. ಹೆಬ್ಬೆರಳು ಎಂಥ ನಿಯತ್ತಿನ ಆಳಾಗಿಬಿಟ್ಟಿತ್ತೆಂದರೆ, ಯಜಮಾನ ಮನೆಯಲ್ಲಿಲ್ಲ ಎಂಬುದನ್ನು ಯಾರಿಗೂ ತಿಳಿಯಗೊಡುತ್ತಿರಲಿಲ್ಲ. ಅವನು ಹೆಬ್ಬೆರಳನ್ನೇ ದಿಟ್ಟಿಸಿದ. ದಿಟ್ಟಿಸಿದ ಕೂಡಲೇ ಅದು ತಡವರಿಸಿತು, ಎಷ್ಟು ಗಟ್ಟಿಯಾಗಿ ಒತ್ತಬೇಕೆಂಬುದನ್ನು ಮರೆತವರಂತೆ ಆಡಿತು. ಗಂಟೆ ಬಾರಿಸಿತು. ರೇಡಿಯೊ ಹಲ್ಲುನೋವನ್ನು ಅಲ್ಲಿಗೇ ನಿಲ್ಲಿಸಿ ಅವನ ಮುಖ ನೋಡಿದ. “ಏನಿಲ್ಲ,” ಎಂದ ಡ್ರೈವರ್. ತಾನು ಇದ್ದರೆ ಕೈ ತಪ್ಪುತ್ತದೆ, ತಾನು ಇಲ್ಲದಿದ್ದರೆ ಕಣ್ಣು ತಪ್ಪುತ್ತದೆ. ಉಳಿದ ದಾರಿಯನ್ನು ಅವನು ಹೊಸ ಕೆಲಸಗಾರನ ಹಾಗೆ ಹೆಜ್ಜೆ ಹೆಜ್ಜೆಗೂ ಮುಗ್ಗರಿಸುತ್ತ ಕಳೆದ, ಮತ್ತು ನಿಲ್ದಾಣಕ್ಕೆ ತಡವಾಗಿ ಬಂದು ಅಲ್ಲಿಯವರಿಂದ ಮಾತು ಕೇಳಿದ.

ಡಿಪೋದ ಕ್ಯಾಂಟೀನಿನಲ್ಲಿ ಫ್ಯಾನಿನ ಕೆಳಗಿನ ಮೇಜು ಹಿಡಿದು ಇಬ್ಬರೂ ಚಹಾ ಇಟ್ಟುಕೊಂಡು ಕೂತರು. ಡ್ರೈವರ್ ಮೆಲ್ಲಗೆ ಕೇಳಿದ: “ತಿರುವಿಗೆ ಮುಂಚೆ ನಾವು ಏನು ಕೂಗಿದ್ವಿ?”

“ಹಸಿರು. ಯಾಕಣ್ಣ?”

“ಅಲ್ಲಿ ಕಂಬ ಇಲ್ವಲ್ಲ.”

ರೇಡಿಯೊ ಲೋಟವನ್ನು ತುಟಿಯ ಹತ್ತಿರವೇ ಹಿಡಿದುಕೊಂಡ. ಅವನ ಮುಖದಲ್ಲಿ ಮೊದಲು ನಗು ಬರಲು ನೋಡಿತು, ಆಮೇಲೆ ಬೇಡವೆಂದು ಹಿಂದಕ್ಕೆ ಹೋಯಿತು. “ನೀವು ಕೂಗಿದ್ರಿ, ನಾನು ಕೂಗ್ದೆ,” ಎಂದ.

“ನೀನು ನೋಡಿ ಕೂಗಿದ್ಯಾ?”

“ನೀವು ನೋಡಿರ್ತೀರಿ ಅಂತ ಕೂಗ್ದೆ.” ಬಳಿಕ ಬಾಗಿ, ಹತ್ತಿರದ ಮೇಜಿನವರಿಗೆ ಕೇಳದಂತೆ ಹೇಳಿದ: “ಅಣ್ಣ, ಇದನ್ನ ಇಲ್ಲಿಗೇ ಬಿಟ್ಬಿಡಿ. ಎಲ್ರೂ ಹೀಗೇ. ನೀವು ಊಟ ಮಾಡುವಾಗ ಒಂದೊಂದು ತುತ್ತೂ ನೆನಪಿಟ್ಕೊಳ್ತೀರಾ? ಹೊಟ್ಟೆ ತುಂಬತ್ತೋ ಇಲ್ವೋ. ಮೇಲಿನವ್ರಿಗೆ ಹೇಳಿದ್ರೆ ಇಬ್ರನ್ನೂ ಮನೇಗೆ ಕಳಿಸ್ತಾರೆ. ನಿಮಗೇನೋ ಒಬ್ಳು ಮಗಳು. ನನ್ನ ಮನೇಲಿ ಐದು ಬಾಯಿ.” ಡ್ರೈವರ್ ತಲೆಯಾಡಿಸಿದ. ತಲೆಯಾಡಿಸಿದ ಮೇಲೆ, ಇದನ್ನು ತಾನೇ ಆಡಿಸಿದೆನೋ ಅಥವಾ ಎದುರಿನವರು ಕಷ್ಟ ಹೇಳಿಕೊಂಡಾಗ ತಲೆ ತಾನಾಗಿ ಆಡುತ್ತದೋ ಎಂದು ಹೆದರಿಕೆಯಾಯಿತು. ಸುತ್ತ ಮೇಜುಗಳಲ್ಲಿ ಎಷ್ಟೊಂದು ಡ್ರೈವರುಗಳು. ಎಲ್ಲರೂ ಮಾತಾಡುತ್ತಿದ್ದರು, ನಗುತ್ತಿದ್ದರು, ಚಹಾದ ಲೋಟ ಎತ್ತಿ ಸರಿಯಾಗಿ ಬಾಯಿಗೇ ಇಟ್ಟುಕೊಳ್ಳುತ್ತಿದ್ದರು. ಒಳಗೆ ಯಾರಾದರೂ ಇದ್ದಾರೋ ಇಲ್ಲವೋ ಎಂದು ಹೊರಗಿನಿಂದ ಹೇಳುವ ಹಾಗಿರಲಿಲ್ಲ.

ಮನೆಗೆ ನಡೆದು ಹೋಗುವಾಗ ಒಂದು ಅಂಗಡಿಯ ಗಾಜಿನಲ್ಲಿ ತನ್ನ ಜೊತೆಗೇ ನಡೆದುಬರುತ್ತಿದ್ದವನನ್ನು ನೋಡಿ ಅವನಿಗೆ ಕಣ್ಣಾಮುಚ್ಚಾಲೆ ನೆನಪಾಯಿತು. ನಾಲ್ಕು ವರ್ಷದವನಿದ್ದನೋ ಏನೋ. ಅಟ್ಟದ ಮೇಲಿನ ದೊಡ್ಡ ಪೆಟ್ಟಿಗೆಯ ಹಿಂದೆ ಅಡಗಿದ್ದ. ಅಕ್ಕ ಹುಡುಕಿ ಹುಡುಕಿ ಸಾಕಾಗಿ ಆಟವನ್ನೇ ಮರೆತು ಎತ್ತಲೋ ಹೋಗಿದ್ದಳು. ಕೆಳಗೆ ಪಾತ್ರೆಗಳ ಸದ್ದು, ಅಮ್ಮ ಎಲ್ಲರನ್ನೂ ಊಟಕ್ಕೆ ಕರೆಯುತ್ತಿದ್ದಳು, ಅಪ್ಪ ಏನೋ ಹೇಳಿ ನಗುತ್ತಿದ್ದ. ತಾನಿಲ್ಲದೆಯೂ ಮನೆ ನಡೆಯುತ್ತಿತ್ತು. ಆ ಕತ್ತಲಿನಲ್ಲಿ ಅವನಿಗೆ ಇದ್ದಕ್ಕಿದ್ದಂತೆ ತಿಳಿದಿತ್ತು: ನಾನು ಇಲ್ಲಿದ್ದೇನೆ ಎನ್ನುವುದು ಯಾರಿಗೂ ಗೊತ್ತಿಲ್ಲ, ನನಗೆ ಮಾತ್ರ ಗೊತ್ತು. ಅದಕ್ಕೆ ಮುಂಚಿನದು ಒಂದೂ ನೆನಪಿಲ್ಲ. ಅದಕ್ಕೆ ಮುಂಚೆಯೂ ಉಂಡಿದ್ದ, ಬಿದ್ದಿದ್ದ, ಅಮ್ಮನ ಸೊಂಟದ ಮೇಲೆ ಕೂತು ನಕ್ಕಿದ್ದ. ಅವೆಲ್ಲ ಆ ಮಗುವಿಗೆ ಆದದ್ದು, ಅವನಿಗಲ್ಲ. ಅವನು ಹುಟ್ಟಿದ್ದು ಪೆಟ್ಟಿಗೆಯ ಹಿಂದೆ. ಎಷ್ಟು ಹೆದರಿಕೆಯಾಗಿತ್ತೆಂದರೆ ಕೂಗಲೂ ಆಗದೆ ಚಡ್ಡಿ ಒದ್ದೆ ಮಾಡಿಕೊಂಡಿದ್ದ. ಆ ಹೆದರಿಕೆಯೇ ಇವತ್ತು ಬೆಳಿಗ್ಗೆ ಮತ್ತೆ ಬಂದಿತ್ತು, ಅಷ್ಟೇ ಹೊಸದಾಗಿ. ಹಾಗಾದರೆ ನಡುವಿನ ವರ್ಷಗಳೆಲ್ಲ ಏನಾದವು? ಹೆದರಿದಾಗ ಮಾತ್ರ ತಾನು ಇರುವುದಾದರೆ, ಇರಬೇಕೆಂದರೆ ಹೆದರುತ್ತಲೇ ಇರಬೇಕು. ಹಾಗೆ ಬದುಕುವುದು ಯಾರಿಂದಾದೀತು? ಸ್ವಲ್ಪ ಧೈರ್ಯ ಬಂದರೆ ಸಾಕು, ಮತ್ತೆ ಇಲ್ಲವಾಗುತ್ತೇನೆ ಎಂದುಕೊಂಡ. ಅಷ್ಟರಲ್ಲಿ ಮನೆಯ ಬಾಗಿಲು ಎದುರಿಗಿತ್ತು. ಯಾವ ಬೀದಿಯಲ್ಲಿ ತಿರುಗಿ ಬಂದೆ ಎಂಬುದು ಗೊತ್ತಾಗಲಿಲ್ಲ.

ಮನೆಯಲ್ಲಿ ಹೆಂಡತಿ ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು. ಅವಳ ತಂಗಿಗೆ ಹೆರಿಗೆಯಾಗಿತ್ತು. ನಾಳೆ ಮಧ್ಯಾಹ್ನದ ಗಾಡಿಗೆ ಮಗಳನ್ನು ಕರೆದುಕೊಂಡು ಹೊರಡುವುದೆಂದು ಎಂದೋ ಗೊತ್ತಾಗಿತ್ತು. ನಾಳೆ ಮಧ್ಯಾಹ್ನದ ಗಾಡಿ ಅವನದೇ. ಅವನು ಕೈಕಾಲು ತೊಳೆದು ಬಂದು ಗೋಡೆಗೆ ಒರಗಿ ಕೂತ. ಮಗಳು, ಆರು ವರ್ಷದ ಗುಬ್ಬಿ, ತನ್ನ ಗೊಂಬೆಗೆ ಬೇರೆ ಚೀಲ ಬೇಕೆಂದು ಹಟ ಹಿಡಿದಿದ್ದಳು. ಹೆಂಡತಿ ಬಟ್ಟೆ ಮಡಿಸುತ್ತ ಮಾತಾಡುತ್ತಿದ್ದಳು, ಅವನು ಹೂಂ ಎನ್ನುತ್ತಿದ್ದ. ಒಮ್ಮೆ ಅವಳು ಕೈ ನಿಲ್ಲಿಸಿ, “ನಾನೀಗ ಏನು ಹೇಳ್ದೆ ಹೇಳಿ ನೋಡೋಣ,” ಎಂದಳು. ಅವನಿಗೆ ಒಂದಕ್ಷರವೂ ಕೇಳಿಸಿರಲಿಲ್ಲ. ಸೋತೆ ಎಂದು ಒಪ್ಪಿಕೊಳ್ಳಲು ಬಾಯಿ ತೆರೆದ. ಬಾಯಿ ಹೇಳಿತು: “ಹಾಲಿನವ್ನಿಗೆ ನಾಳೆಯಿಂದ ಅರ್ಧ ಲೀಟರ್ ಸಾಕು ಅಂತ ಹೇಳ್ಬೇಕು, ಹಿಂದಿನ ಕಿಟಕಿ ಚಿಲಕ ಸಡಿಲವಾಗಿದೆ, ಮಲಗುವಾಗ ನೋಡ್ಕೋಬೇಕು.”

“ಪರವಾಗಿಲ್ವೇ,” ಎಂದಳು ಅವಳು, ಖುಷಿಯಾಗಿ. “ಕೇಳಿಸ್ಕೊಂಡಿದ್ದೀರಿ.”

ಹಾಗಾದರೆ ಇಷ್ಟು ವರ್ಷ ಇವಳ ಜೊತೆ ಸಂಸಾರ ಮಾಡಿದವನು ಆ ಕೇಳಿಸಿಕೊಂಡವನೇ ಇರಬೇಕು. ಒಳ್ಳೆಯವನೇ, ಅವಳಿಗೇನೂ ದೂರಿಲ್ಲ. ನಿದ್ದೆಯಲ್ಲಿಯೂ ನೀವು ನನ್ನ ತೋಳನ್ನು ಹೆಬ್ಬೆರಳಿನಿಂದ ಒತ್ತುತ್ತ ಇರುತ್ತೀರಿ, ಅದು ನಿಂತರೆ ನನಗೆ ಎಚ್ಚರವಾಗುತ್ತದೆ ಎಂದು ಅವಳು ಅಕ್ಕಪಕ್ಕದವರ ಎದುರಿಗೂ ಹೇಳಿ ನಗುತ್ತಿದ್ದಳು. ಅದನ್ನು ಅವಳು ಪ್ರೀತಿಯೆಂದುಕೊಂಡಿದ್ದಳು. ಅವನು ಕೇಳಿದ: “ಗುಬ್ಬಿ ಮೊದಲು ‘ಗುಬ್ಬೀಗೆ ಬೇಕು, ಗುಬ್ಬೀಗೆ ಬೇಕು’ ಅಂತಿದ್ಲಲ್ಲ. ‘ನಂಗೆ’ ಅನ್ನೋಕೆ ಶುರು ಮಾಡಿದ್ದು ಯಾವಾಗ?”

“ಇದೇನು ಈಗ? ನಿಮ್ಮ ತೊಡೆ ಮೇಲೇ ಕೂತಿದ್ಲಲ್ರೀ ಅವತ್ತು. ಲೋಟ ಕಿತ್ಕೊಂಡು, ನಂದು ಅಂದ್ಲು. ನೀವು ಅವಳನ್ನ ಎತ್ಕೊಂಡು ಮನೆಯೆಲ್ಲ ಕುಣಿದ್ರಿ. ಮರೆತೋಯ್ತಾ?”

ಮರೆತಿರಲಿಲ್ಲ. ಮರೆಯಬೇಕಾದರೆ ಅಲ್ಲಿ ಇದ್ದಿರಬೇಕಲ್ಲ. ಮಗು ತನ್ನ ಹಾಗೇ ಒಂದು ಪೆಟ್ಟಿಗೆಯ ಹಿಂದಿನಿಂದ ‘ನಾನು’ ಎಂದು ಎದ್ದು ಬಂದ ಆ ಗಳಿಗೆಯಲ್ಲಿ ಅವಳನ್ನು ಎತ್ತಿಕೊಂಡು ಕುಣಿದವನು ಬೇರೆ. ಅವನ ಮೇಲೆ ಹೊಟ್ಟೆಕಿಚ್ಚಾಯಿತು, ಅಳು ಬಂತು. “ನಾಳೆ ಹೋಗ್ಬೇಡಿ,” ಎಂದ. ಹೆಂಡತಿ ಅವನನ್ನು ನೋಡಿದಳು. ಯಾಕೆ ಎಂದಳು. ಅವನು ಹವಾಮಾನ ಎಂದ, ಗಾಡಿ ರಶ್ಶು ಎಂದ, ಬಸ್ಸಿನಲ್ಲಿ ಹೋಗಿ ಎಂದ. ಒಂದಕ್ಕೊಂದು ಹೊಂದದ ಮಾತುಗಳನ್ನೆಲ್ಲ ಅವಳು ತಾಳ್ಮೆಯಿಂದ ಕೇಳಿ, ಕೊನೆಗೆ ನಕ್ಕುಬಿಟ್ಟಳು. “ನೀವಿರುವಾಗ ನಂಗೇನು ಭಯ? ಎಂಜಿನ್ನಿಗೆ ಹತ್ತಿದ ಬೋಗೀಲೇ ಕೂತ್ಕೋತೀನಿ. ನಿಮ್ಮ ಪಕ್ಕದಲ್ಲೇ ಇದ್ದ ಹಾಗಿರತ್ತೆ.” ಗಾಡಿ ಎಲ್ಲಿಯಾದರೂ ಡಿಕ್ಕಿ ಹೊಡೆದರೆ ಮೊದಲು ನುಗ್ಗಾಗುವುದು ಆ ಬೋಗಿಯೇ ಎಂದು ಯಾವ ಡ್ರೈವರನೂ ತನ್ನ ಹೆಂಡತಿಗೆ ಹೇಳಿರುವುದಿಲ್ಲ. ಅವನೂ ಹೇಳಲಿಲ್ಲ.

ಮಾರನೆಯ ದಿನ ಊಟ ಸೇರದೆ ಬೇಗನೇ ಹೊರಟುಬಂದ. ದಾರಿಯುದ್ದಕ್ಕೂ ಮಾತನ್ನು ಜೋಡಿಸಿಕೊಂಡ: ಸಾರ್, ನಾನು ಗಾಡಿ ಓಡಿಸೋ ಸ್ಥಿತೀಲಿಲ್ಲ. ಅಷ್ಟೇ. ಕಂಬದ ವಿಷಯ ಎತ್ತುವುದು ಬೇಡ, ಎತ್ತಿದರೆ ರೇಡಿಯೊ ಸಿಕ್ಕಿಬೀಳುತ್ತಾನೆ. ಕೆಲಸಕ್ಕೆ ಹಾಜರಾಗುವ ಕೋಣೆ ಪ್ಲಾಟ್‌ಫಾರಮ್ಮಿನ ತುದಿಯಲ್ಲಿತ್ತು. ಮೇಜಿನ ಹಿಂದೆ ಮೇಲ್ವಿಚಾರಕರು, ಕನ್ನಡಕವನ್ನು ಹಣೆಗೇರಿಸಿಕೊಂಡು ಕೂತಿದ್ದರು. ಕೊಳವೆಗೆ ಊದಿಸಿದರು, ಕುಡಿದಿರಲಿಲ್ಲ. “ನಿದ್ದೆ ಆಯ್ತಾ?” “ಆಯ್ತು ಸಾರ್.” “ಮೈಯಲ್ಲಿ ಹುಷಾರಿದ್ದೀರಾ?” “ಇದ್ದೀನಿ ಸಾರ್.” “ಸರಿ, ಹೊರಡಿ.” ಅವನು ಬಾಗಿಲು ದಾಟಿದ್ದ. ಆಚೆ ಬಿಸಿಲಿಗೆ ಕಣ್ಣು ಕುಕ್ಕಿದಾಗ ಅವನಿಗೆ ನಡೆದದ್ದು ತಿಳಿಯಿತು. ರಾತ್ರಿಯೆಲ್ಲ ಕಣ್ಣು ಮುಚ್ಚಿರಲಿಲ್ಲ. ಹೇಳಬೇಕೆಂದು ಬಂದ ಒಂದೇ ಮಾತನ್ನು ಅವನಿಗಿಂತ ಮೊದಲೇ ಹೋಗಿ ಯಾರೋ ನುಂಗಿಹಾಕಿದ್ದರು, ಅವನದೇ ದನಿಯಲ್ಲಿ, ಮರ್ಯಾದೆಯಾಗಿ. ಅವನು ತಿರುಗಿ ಒಳಗೆ ಹೋದ.

“ಸಾರ್, ಈಗ ಹೇಳಿದ್ದು ನಾನಲ್ಲ.”

ಮೇಲ್ವಿಚಾರಕರು ಕನ್ನಡಕವನ್ನು ಕಣ್ಣಿಗೆ ಇಳಿಸಿದರು. “ಮತ್ತೆ ಯಾರು, ನಿಮ್ಮ ಮಾವನಾ?”

ಹಿಂದೆ ಸಾಲಿನಲ್ಲಿ ನಿಂತಿದ್ದವರು ನಕ್ಕರು. ಅವನು ಜೋಡಿಸಿಕೊಂಡಿದ್ದ ಮಾತು ಚದುರಿಹೋಯಿತು. ತೊದಲಿದ. ನಿದ್ದೆ ಆಗಿಲ್ಲ, ಹುಷಾರಿಲ್ಲ ಎಂದರೆ ರಜೆ ಬೇಕಾದವರೆಲ್ಲ ಹೇಳುವ ಮಾತೇ ಆಗುತ್ತಿತ್ತು. ಅವರ ಮುಖವೂ ಆ ಉತ್ತರಕ್ಕೇ ಕಾಯುತ್ತಿತ್ತು. ಕೊನೆಗೆ ಬಾಯಿಗೆ ಬಂದದ್ದು ಹೇಳಬಾರದೆಂದುಕೊಂಡಿದ್ದೇ. “ನಿನ್ನೆ, ಕಿತ್ತುಹಾಕಿದ ಸಿಗ್ನಲ್ಲಿಗೆ ನಾನು ಹಸಿರು ಕೂಗ್ದೆ. ಕಂಬ ಇಲ್ದೇನೇ.” ನಗು ನಿಂತಿತು. ಮೇಲ್ವಿಚಾರಕರು ಪೆನ್ನಿನ ಮುಚ್ಚಳ ಹಾಕಿ ಅವನನ್ನು ನಿಜವಾಗಿ ನೋಡಿದರು. “ಜೊತೆಯವನು ಏನು ಕೂಗ್ದ?” ಬಾಗಿಲ ಹತ್ತಿರ ರೇಡಿಯೊ ನಿಂತಿದ್ದ. ಅವನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಐದು ಬಾಯಿ. “ಅವನು ಕೂಗಲಿಲ್ಲ ಸಾರ್,” ಎಂದ ಡ್ರೈವರ್. “ಅವನೇ ನನ್ನನ್ನ ಎಚ್ಚರಿಸಿದ್ದು.” ಸುಳ್ಳು ಹೇಳುವಾಗ ತಾನು ಪೂರ್ತಿಯಾಗಿ ಅಲ್ಲಿದ್ದೆ ಎಂಬುದು ಅವನ ಗಮನಕ್ಕೆ ಬಂತು.

ಮುಂದಿನದು ಬೇಗ ಬೇಗ ಆಯಿತು. ನಾಳೆ ವಿಚಾರಣೆಗೆ ಬರಬೇಕು ಎಂದರು. ಪಕ್ಕದ ಕೋಣೆಯಲ್ಲಿ ಅಡ್ಡಾಗಿದ್ದ ಬದಲಿ ಡ್ರೈವರನನ್ನು ಎಬ್ಬಿಸಿದರು. ಅವನು ಮುಖಕ್ಕೆ ನೀರು ಹಾಕಿಕೊಂಡು, ಹೊರಬಂದು, ಕೊಳವೆಗೆ ಊದಿ, ನಿದ್ದೆ ಆಯ್ತು ಸಾರ್ ಹುಷಾರಿದ್ದೀನಿ ಸಾರ್ ಎಂದು ಕೇಳುವುದಕ್ಕೆ ಮುಂಚೆಯೇ ಹೇಳಿ ಮುಗಿಸಿದ. “ನಿಮ್ಮ ಸಹಾಯಕ ಹೇಗಿದ್ರೂ ಎಚ್ಚರದ ಮನುಷ್ಯ,” ಎಂದು ಮೇಲ್ವಿಚಾರಕರು ರೇಡಿಯೊನನ್ನು ಅದೇ ಗಾಡಿಗೆ ಉಳಿಸಿಕೊಂಡರು. ಆಗ ಡ್ರೈವರನಿಗೆ ತಾನು ಮಾಡಿದ್ದು ಏನೆಂದು ಹೊಳೆಯಿತು. ತಾನೊಬ್ಬ ಎಂಜಿನ್ನಿನಿಂದ ಇಳಿದಿದ್ದ, ಅಷ್ಟೇ; ಎಚ್ಚರದ ಮನುಷ್ಯನೆಂದು ತಾನೇ ಮುದ್ರೆ ಒತ್ತಿಕೊಟ್ಟ ಬಾಯಿ ಇನ್ನೂ ಅಲ್ಲೇ ಇತ್ತು. ಈಗ ತಿರುಗಿ ನಿಜ ಹೇಳಿದರೆ ಯಾರು ನಂಬುತ್ತಾರೆ? ಅವನು ಬದಲಿ ಡ್ರೈವರನ ಬೆನ್ನ ಹಿಂದೆ ಓಡಿದ. ಎಂಜಿನ್ನಿನ ಮೆಟ್ಟಿಲ ಹತ್ತಿರ ಅವನ ತೋಳು ಹಿಡಿದು, “ತಿರುವಿನ ಹತ್ತಿರದ ಹಳೇ ಕಂಬ,” ಎಂದ.

“ಗೊತ್ತು, ಗೊತ್ತು,” ಎಂದ ಅವನು, ಮಾತು ಮುಗಿಯುವ ಮೊದಲೇ, ಮತ್ತು ಹತ್ತಿ ಕೂತ. ರೇಡಿಯೊ ಅವನ ಮುಖ ನೋಡದೆ ಹತ್ತಿದ. ಹತ್ತುವಾಗ ಒಂದು ಗಳಿಗೆ ನಿಂತು, “ನಿಮ್ಮ ಋಣ ತೀರ್ಸಕ್ಕಾಗಲ್ಲ ಅಣ್ಣ,” ಎಂದ.

ಇಳಿಸಬೇಕು, ಹೆಂಡತಿಯನ್ನು, ಮಗಳನ್ನು ಇಳಿಸಬೇಕು. ಬೇರೇನೂ ಅವನ ತಲೆಯಲ್ಲಿರಲಿಲ್ಲ. ಮೊದಲನೇ ಬೋಗಿಯ ಬಾಗಿಲಲ್ಲಿ ಜನ ಇನ್ನೂ ಹತ್ತುತ್ತಿದ್ದರು. ಯಾರದೋ ಟ್ರಂಕು ಅಡ್ಡಬಿದ್ದಿತ್ತು, ಯಾರೋ ಯಾರನ್ನೋ ಬೈಯುತ್ತಿದ್ದರು. ಅವನು ಅವರ ನಡುವೆ ತೂರಲು ನೋಡಿದ. ಸಮವಸ್ತ್ರ ನೋಡಿ ಒಬ್ಬಾಕೆ ದಾರಿ ಬಿಟ್ಟಳು, ಅವಳ ಗಂಡ ಬಿಡಲಿಲ್ಲ. ಎಂಜಿನ್ನಿನ ಕಿಟಕಿಯಿಂದ ‘ಹಸಿರು’ ಎಂದದ್ದು ಕೇಳಿಸಿತು. ಅದರ ಬೆನ್ನಿಗೇ, ರೇಡಿಯೊನ ದನಿಯಲ್ಲಿ, ‘ಹಸಿರು’. ಅವನು ಕತ್ತೆತ್ತಿ ಸಿಗ್ನಲ್ ನೋಡಿದ. ಹಸಿರೇ ಇತ್ತು. ಅವರು ನೋಡಿ ಕೂಗಿದರೋ ಎಂಬುದನ್ನು ಅದು ಹೇಳುವಂತಿರಲಿಲ್ಲ. ಹಾರ್ನ್ ಆಯಿತು, ಗಾಡಿ ಒಮ್ಮೆ ಜಗ್ಗಿ ನಿಧಾನವಾಗಿ ಹೊರಟಿತು, ಟ್ರಂಕಿನವನನ್ನು ಟ್ರಂಕಿನ ಸಮೇತ ಯಾರೋ ಒಳಗೆ ಎಳೆದುಕೊಂಡರು.

ಕಿಟಕಿಗಳು ಒಂದೊಂದಾಗಿ ಅವನ ಮುಂದೆ ಸರಿದವು. ಒಂದರಲ್ಲಿ ಗುಬ್ಬಿ ಸರಳಿಗೆ ಗಲ್ಲ ಆನಿಸಿಕೊಂಡು ಕೂತಿದ್ದಳು, ಮಡಿಲಲ್ಲಿ ಗೊಂಬೆ, ಗೊಂಬೆಗೆ ಬೇರೆ ಚೀಲ. ಅವಳ ಪಕ್ಕದಲ್ಲಿ ಹೆಂಡತಿ ಬಗ್ಗಿ ತನ್ನ ಚೀಲದೊಳಗೆ ನೀರಿನ ಬಾಟಲಿಯನ್ನು ಹುಡುಕುತ್ತಿದ್ದಳು. ಅವನು ಗಾಡಿಯ ಜೊತೆಗೇ ನಡೆಯತೊಡಗಿದ. “ಇಳೀರಿ,” ಎಂದ. ಎರಡನೇ ಹಾರ್ನ್ ಅದನ್ನು ಒರೆಸಿಹಾಕಿತು. ಮಗಳು ಅವನನ್ನು ನೋಡಿದಳು. ಮೊದಲು ಮುಖ ಅರಳಿತು, ಕೈ ಮೇಲಕ್ಕೇರಿತು. ಕೈ ಅರ್ಧಕ್ಕೆ ನಿಂತಿತು. ಅವಳು ಅವನನ್ನು ನೋಡಿ, ಎಂಜಿನ್ನಿನ ಕಡೆ ಕತ್ತು ಚಾಚಿ ನೋಡಿ, ಮತ್ತೆ ಅವನನ್ನು ನೋಡಿದಳು. ಆ ನೋಟವನ್ನು ಅವನು ಬಲ್ಲ, ಪೆಟ್ಟಿಗೆಯ ಹಿಂದಿನದು.

“ಅಮ್ಮ,” ಎಂದಳು ಅವಳು, ಅವನ ಮೇಲಿನ ಕಣ್ಣು ತೆಗೆಯದೆ. “ಗಾಡಿ ಓಡಿಸ್ತಿರೋದು ಯಾರು?”

“ಅಪ್ಪ,” ಎಂದಳು ಹೆಂಡತಿ, ಚೀಲದಿಂದ ತಲೆಯೆತ್ತದೆ.